ನಂದಾಳ ಬಾಣಂತನದ ಮಾತು

ಮಡಗಾಂವ್
ಡಿಸೆಂಬರ್ 27, ಶುಕ್ರವಾರ

ನನ್ನ ಮಗಳು ನಂದವ್ವಗೆ,

ನಿನ್ನ ಅವ್ವ ಲಕ್ಷ್ಮವ್ವ ದೂರದಿಂದಲೇ ನಿನ್ನ ತಲೆ ಸವರಿ ಬರೆಯುತ್ತಿದ್ದೇನೆ. ನಾವು ಇಲ್ಲಿ ಇದ್ದೇವೆ. ಕ್ಷೇಮ ಎಂದು ಬರೆಯುವುದು ರೂಢಿ, ಆದರೆ ಮೊದಲ ಸಾಲಿನಲ್ಲೇ ಸುಳ್ಳು ಯಾಕೆ ಎಂದು ಅಷ್ಟಕ್ಕೇ ನಿಲ್ಲಿಸಿದೆ. ನೀನು ಹೇಗಿದ್ದೀ? ಕಾಲಿನ ಬಾವು ಇಳಿಯಿತೇ? ಅಳಿಯಂದಿರು ಕುಬೇರಪ್ಪನವರಿಗೆ ನಮ್ಮ ನಮಸ್ಕಾರ ಹೇಳು. ಪತ್ರ ಮಾತ್ರ ಅವರಿಗೆ ತೋರಿಸಬೇಡ. ನೀನೊಬ್ಬಳೇ ಓದಿಕೋ.

ಕೈಯಲ್ಲಿ ಫೋನ್ ಇಟ್ಟುಕೊಂಡು ಪತ್ರ ಯಾಕೆ ಬರೆದಳು ಅನ್ನುತ್ತೀ. ಟೈಲ್ಸ್ ಕತ್ತರಿಸುವ ಮಶೀನಿನ ಸದ್ದಿಗೆ ನಿಮ್ಮಪ್ಪನ ಕಿವಿ ಮಂದವಾಗಿದೆ. ಫೋನನ್ನು ಜೋರಾಗಿ ಇಟ್ಟೇ ಮಾತಾಡಬೇಕು. ನಮ್ಮದು ಒಂದೇ ಕೋಣೆ, ಗೋಡೆಯ ಆಚೆ ಮತ್ತೊಬ್ಬರ ಕೋಣೆ. ನಾನು ನಿನಗೆ ಹೇಳುವ ಮಾತನ್ನು ಇಡೀ ಚಾಳು ಕೇಳಿ ಆಮೇಲೆ ನನಗೇ ಬಂದು ಹೇಳುತ್ತದೆ. ನಮ್ಮ ಚಾಳಿನ ನಿಂಗಣ್ಣ ಎಳ್ಳ ಅಮಾವಾಸ್ಯೆಗೆ ಊರಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.

ಹೋದ ತಿಂಗಳು ನೀನು ಫೋನ್ ಮಾಡಿ, ಸಂಕ್ರಾಂತಿ ಮುಗಿದ ಮೇಲೆ ಹೆರಿಗೆಗೆ ಬರುತ್ತೇನೆ ಅಂದೆ. ನಾನು ಬಾ ಅಂದೆ. ಆದರೆ ಅನ್ನುವುದಕ್ಕೆ ಸ್ವಲ್ಪ ತಡವಾಯಿತು. ನೀನು ಅದನ್ನು ಗುರುತಿಸಿದೆ. "ಅವ್ವಾ, ಕೇಳಸಾಕತ್ತೈತಿಲ್ಲೋ?" ಎಂದು ಕೇಳಿದೆ. ಕೇಳಿಸುತ್ತಿತ್ತು, ನಂದವ್ವ. ಬಾಯಿಯೇ ಏಳಲಿಲ್ಲ. ಆ ತಡ ಯಾಕೆಂದು ಹೇಳುವುದಕ್ಕೇ ಈ ಪತ್ರ.

ಮೊದಲು ಇಲ್ಲಿಯ ಚಳಿಗಾಲದ ಸುದ್ದಿ ಹೇಳುತ್ತೇನೆ. ಅದನ್ನು ಬಿಟ್ಟರೆ ಉಳಿದದ್ದು ನಿನಗೆ ತಿಳಿಯುವುದಿಲ್ಲ.

ನಮ್ಮತ್ತೆ, ನಿಮ್ಮ ಆಯಿ, ದಸರೆಯ ಮುಂದೆ ತೀರಿಕೊಂಡ ಮೇಲೆ ನನಗೆ ಬೆಳಗುಗಳು ಸಿಕ್ಕಿವೆ. ಗೋವಾದ ಚಳಿ ನಿಮ್ಮ ಕಡೆಯ ಹಾಗೆ ಕಚ್ಚುವುದಿಲ್ಲ. ಆದರೆ ಮಂಜು ಬೀಳುತ್ತದೆ. ತಗಡಿನ ಅಂಚಿನಿಂದ ಮಳೆ ನಿಂತ ಮೇಲಿನ ಹಾಗೆ ಹನಿ ತೊಟ್ಟಿಕ್ಕುತ್ತಿರುತ್ತದೆ. ಪಾವಿನವನು ಸೈಕಲ್ಲಿನ ಮೇಲೆ ಭೋಂ ಭೋಂ ಎಂದು ಹಾರ್ನ್ ಒತ್ತುತ್ತ ಬರುತ್ತಾನೆ. ಬಿಸಿ ಪಾವನ್ನು ಚಹಾದಲ್ಲಿ ಅದ್ದಿ ತಿನ್ನುತ್ತ, ಬಾಗಿಲ ಮೆಟ್ಟಿಲ ಮೇಲೆ ಬೆನ್ನಿಗೆ ಬಿಸಿಲು ಕೊಟ್ಟು ಕೂತರೆ, ಬೆನ್ನಿನ ಎಲುಬು ಒಂದೊಂದೇ ಸಡಿಲಾಗುವುದು ತಿಳಿಯುತ್ತದೆ. ಆಮೇಲೆ ಪಕ್ಕದ ಖುರ್ಷಿದಾ ತನ್ನ ಮನೆ ಕೆಲಸ ಮುಗಿಸಿ ಬರುತ್ತಾಳೆ. ಇಬ್ಬರೂ ಅಂಗಳದಲ್ಲಿ ಚಾಪೆ ಹಾಸಿ, ಅದರ ಮೇಲೆ ಹಳೆಯ ಸೀರೆ ಹರವಿ, ಅರಿವೆಯ ತುಂಡುಗಳನ್ನು ಜೋಡಿಸಿ ಕೌದಿ ಹಿಡಿದು ಹೊಲಿಯುತ್ತೇವೆ. ಆಕೆ ಆ ತುದಿ, ನಾನು ಈ ತುದಿ. ಬಿಸಿಲು ಸರಿದ ಹಾಗೆ ಚಾಪೆಯನ್ನೂ ಸರಿಸಿಕೊಳ್ಳುತ್ತೇವೆ. ಚಳಿ ಬಿತ್ತೆಂದರೆ ಕೌದಿಗೆ ಜನ ತಾವೇ ಬರುತ್ತಾರೆ. ಕ್ರಿಸ್ಮಸ್ಸಿನ ನಾತಾಳ ಹಬ್ಬಕ್ಕೆ ಮನೆ ಚೊಕ್ಕ ಮಾಡಿದ ನಮ್ಮ ಕೋಣೆಯ ಮಾಲಕೀಣಬಾಯಿ ಎರಡು ಚೀಲ ಹಳೆಯ ಚಾದರ, ಪರದೆ ತಂದು ಹಾಕಿ, ತನ್ನ ಕೊಂಕಣಿಯಲ್ಲಿ ಏನೋ ಹೇಳಿ, ಒಂದು ತಟ್ಟೆ ನೆವರಿ ಕೊಟ್ಟು ಹೋದಳು. ಕರಿಗಡುಬಿನಂಥದ್ದೇ. ಖುರ್ಷಿದಾ ಮೂರು ತಿಂದಳು.

ಇಷ್ಟೇ ನನ್ನ ಸುಖ. ಬಿಸಿಲು, ಚಹಾ, ಸೂಜಿ, ಪಕ್ಕಕ್ಕೊಬ್ಬಳು ಮಾತಾಡುವವಳು. ನಡುವೆ ಎದ್ದು ಒಳಗೆ ಓಡಬೇಕಾಗಿಲ್ಲ.

ಆಯಿ ಹಾಸಿಗೆ ಹಿಡಿದ ಮೇಲೆ ನೀನು ಬಂದಾಗಲೆಲ್ಲ ನೋಡಿದ್ದೀ. ಆದರೆ ನೀನು ನಾಲ್ಕು ದಿನ ಇದ್ದು ಹೋಗುತ್ತಿದ್ದೆ. ಎತ್ತುವುದು, ಮಗ್ಗುಲು ಹೊರಳಿಸುವುದು, ಒದ್ದೆ ಬಟ್ಟೆ ತೆಗೆಯುವುದು, ಒಗೆಯುವುದು, ಅದು ಒಣಗುವ ಮೊದಲೇ ಮತ್ತೊಂದು. ಮಳೆಗಾಲದಲ್ಲಿ ಬಟ್ಟೆಗಳನ್ನು ಒಲೆಯ ಮೇಲೆ ಹಿಡಿದು ಒಣಗಿಸುತ್ತಿದ್ದೆ. ಕೌದಿ ಹೊಲಿಯಲು ಕೂತರೆ ಒಳಗಿನಿಂದ "ಲಕ್ಷ್ಮೀ" ಎಂಬ ಕೂಗು. ಆಕೆ ಕೆಟ್ಟವಳಲ್ಲ, ಪಾಪ. ನೋವಿಗೆ ಕರೆಯುತ್ತಿದ್ದಳು. ಆಕೆ ಹೋದ ದಿನ ನಾನು ಬಹಳ ಅತ್ತೆ. ಎಂಥ ಸೊಸೆ ನೋಡು ಎಂದು ಚಾಳಿನವರೆಲ್ಲ ಹೊಗಳಿದರು. ಅದರಲ್ಲಿ ಆಯಿಗಾಗಿ ಅತ್ತದ್ದು ಎಷ್ಟು, ಇನ್ನು ಮಲಗಬಹುದು ಎಂದು ಅತ್ತದ್ದು ಎಷ್ಟು, ನನಗೇ ಗೊತ್ತಿಲ್ಲ.

ವಿಚಿತ್ರವೆಂದರೆ, ಆಕೆ ಇರುವ ತನಕ ನನಗೆ ದಣಿವು ಕಾಣಲೇ ಇಲ್ಲ. ಹೋದ ಮೇಲೆ ಎಲ್ಲ ಒಟ್ಟಿಗೆ ಬಂತು. ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ. ಸೂಜಿಗೆ ದಾರ ಪೋಣಿಸಿ, ಅದೇ ಕೈಯಲ್ಲಿ ಹಿಡಿದು ಹಾಗೇ ಕೂತುಬಿಡುತ್ತಿದ್ದೆ. ಅಂಥ ಹೊತ್ತಿನಲ್ಲಿ ನಿನ್ನ ಫೋನ್ ಬಂತು. ನನಗೆ ಕಂಡದ್ದು ಮೊಮ್ಮಗುವಿನ ಮುಖವಲ್ಲ. ನೀರು ಕಾಯಿಸುವ ಹಂಡೆ, ಒದ್ದೆ ಬಟ್ಟೆಯ ಗಂಟು ಕಂಡವು. ತಾಯಿಯಾದವಳು ಬರೆಯುವ ಮಾತಲ್ಲ ಇದು. ಆದರೂ ಬರೆದೆ.

ಅವತ್ತು ಸಂಜೆ ನಿಮ್ಮಪ್ಪನಿಗೆ ಅಂದೆ, "ಈಗ ನನ್ನ ಕಡಿಂದ ಆಗೂದಿಲ್ರೀ. ಅಲ್ಲೇ ಹಡಿ ಅಂತ ನಂದಾಗ ಹೇಳೋಣು."

ಅವರು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು. "ಚೊಚ್ಚಲ ಹೆರಿಗಿಗೆ ಮಗಳನ್ನ ಬ್ಯಾಡ ಅನ್ನೂ ತಾಯಿನ್ನ ನಾ ಎಲ್ಲೂ ಕಂಡಿಲ್ಲ. ಮಂದಿ ಏನಂದಾರು?"

"ಮಂದಿ ಬಂದು ನೀರು ಕಾಸಿ ಕೊಡತಾರೇನ್ರಿ?" ಅಂದೆ.

ಅವರು ಉಣ್ಣುವುದನ್ನು ಬಿಟ್ಟು ಎದ್ದು ಹೋದರು. ಆಮೇಲೆ ಸುಮಾರು ದಿನ ನಮ್ಮಲ್ಲಿ ಮಾತಿಲ್ಲ. ಒಂದೇ ಕೋಣೆಯಲ್ಲಿ ಮಾತಿಲ್ಲದೆ ಇರುವುದು ಎಷ್ಟು ಕಷ್ಟ ಗೊತ್ತೇ? ಒಬ್ಬರನ್ನು ದಾಟದೆ ಇನ್ನೊಬ್ಬರು ನೀರು ಕುಡಿಯುವಂತಿಲ್ಲ.

ಈಗ ಒಂದು ಸಂಗತಿ ಹೇಳುತ್ತೇನೆ, ಗಾಬರಿಯಾಗಬೇಡ. ಈಗ ಎಲ್ಲ ಸರಿಯಾಗಿದೆ. ಈ ತಿಂಗಳ ಮೊದಲಲ್ಲಿ ಒಂದು ಬೆಳಗ್ಗೆ ಗ್ಯಾಸಿನ ಮೇಲೆ ಬೇಳೆ ಇಟ್ಟು, ಕುದಿಯುವ ತನಕ ಎಂದು ಗೋಡೆಗೆ ಒರಗಿದೆ. ಅಷ್ಟೇ ನೆನಪು. ನಿದ್ದೆಯೋ ಬವಳಿಯೋ ತಿಳಿಯದು. ಬೇಳೆ ಸೀದು, ಪಾತ್ರೆ ಕೆಂಪಗೆ ಕಾದು, ಕೋಣೆಯ ತುಂಬ ಹೊಗೆ. ಹೊರಗೆ ಬಟ್ಟೆ ಒಣಹಾಕುತ್ತಿದ್ದ ಖುರ್ಷಿದಾ ನೋಡಿ ಓಡಿ ಬಂದಳಂತೆ. ಗ್ಯಾಸ್ ಆರಿಸಿ, ನನ್ನ ರಟ್ಟೆ ಹಿಡಿದು ಅಂಗಳಕ್ಕೆ ಎಳೆದು ಹಾಕಿದಳು. ಕಣ್ಣು ಬಿಟ್ಟಾಗ ಆಕೆ ನನ್ನ ಮುಖಕ್ಕೆ ನೀರು ಹೊಡೆಯುತ್ತ ಅಳುತ್ತಿದ್ದಳು. ಅವತ್ತೇ ಆಸ್ಪತ್ರೆಗೂ ಆಕೆಯೇ ಕರೆದೊಯ್ದಳು. ಬೇರೆ ರೋಗವೇನಿಲ್ಲ, ಮೈಯಲ್ಲಿ ರಕ್ತ ಬಹಳ ಕಮ್ಮಿ ಇದೆ, ಗುಳಿಗೆ ನುಂಗು, ಚೆನ್ನಾಗಿ ಉಣ್ಣು, ವಿಶ್ರಾಂತಿ ತಗೋ ಎಂದು ಡಾಕ್ಟರಬಾಯಿ ಹಿಂದಿಯಲ್ಲಿ ಹೇಳಿದಳು. ವಿಶ್ರಾಂತಿ ಎಂಬ ಮಾತು ಕೇಳಿ ನಮಗಿಬ್ಬರಿಗೂ ನಗು ಬಂತು.

ಸಂಜೆ ನಿಮ್ಮಪ್ಪ ಕೆಲಸದಿಂದ ಬರುವ ಹೊತ್ತಿಗೆ ಖುರ್ಷಿದಾ ನಮ್ಮ ಬಾಗಿಲಲ್ಲೇ ನಿಂತಿದ್ದಳು. ಇಷ್ಟು ವರ್ಷದಲ್ಲಿ ಆಕೆ ಅವರೆದುರು ತಲೆಯ ಸೆರಗು ಸರಿಮಾಡಿಕೊಳ್ಳದೆ ಮಾತಾಡಿದವಳಲ್ಲ. ಅವತ್ತು ಅದರ ಖಬರೇ ಇರಲಿಲ್ಲ.

"ಅಣ್ಣಾರ, ಸಿಟ್ಟ ಮಾಡ್ಕೋಬ್ಯಾಡ್ರಿ, ಒಂದ ಮಾತು ಕೇಳ್ತೀನಿ. ನಿಮ್ಮ ಅವ್ವನ್ನ ಇಷ್ಟ ವರ್ಷ ಎತ್ತಿ ಇಳಿಸಿದಾಕಿ ಯಾರು? ಒಂದ ದಿನಾರ ನೀವು ಎತ್ತೀರೇನ್ರಿ?"

ಅವರು ಕೈಯಲ್ಲಿದ್ದ ಊಟದ ಡಬ್ಬಿಯನ್ನು ಕೆಳಗಿಟ್ಟರು.

"ಇವತ್ತ ಈಕಿ ಸತ್ತಾಳಂತ ಮಾಡಿದ್ದೆ ನಾ," ಅಂದಳು ಖುರ್ಷಿದಾ. "ನಿಮಗ ಮಂದಿ ಚಿಂತಿ ಐತಿ. ನಾನೂ ಮಂದೀನಽ. ನಾ ಅನ್ನಾಕತ್ತೇನಿ ನೋಡ್ರಿ ಈಗ."

ಅಷ್ಟು ಅಂದು ಆಕೆ ತನ್ನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಿಮ್ಮಪ್ಪ ಮೆಟ್ಟಿಲ ಮೇಲೆ ಕೂತರು. ಕಾಲಿನ ಸಿಮೆಂಟನ್ನೂ ತೊಳೆಯಲಿಲ್ಲ. ಕತ್ತಲಾದ ಮೇಲೆ ಒಳಗೆ ಬಂದು, ಸೀದ ಪಾತ್ರೆಯನ್ನು ತೆಗೆದುಕೊಂಡು ಹೋಗಿ ನಲ್ಲಿಯ ಹತ್ತಿರ ತಿಕ್ಕತೊಡಗಿದರು. ಆ ಸದ್ದು ಬಹಳ ಹೊತ್ತು ಕೇಳಿಸಿತು. ಕ್ಷಮಿಸು ಎನ್ನುವ ಮಾತು ಅವರ ಬಾಯಲ್ಲಿ ಬರುವುದಿಲ್ಲ, ನಿನಗೆ ಗೊತ್ತೇ ಇದೆ.

ಮರುದಿನ ನನಗಿಂತ ಮೊದಲು ಎದ್ದರು. ರೊಟ್ಟಿ ನಾನೇ ಮಾಡುತ್ತೇನೆ, ನೀನು ಕೂತು ಹೇಳು ಅಂದರು. ನಂದವ್ವ, ನೀನು ನೋಡಬೇಕಿತ್ತು. ಗೌಂಡಿಯ ಕೈ ಅಲ್ಲವೇ, ಗೋಡೆಗೆ ಗಿಲಾವು ಮಾಡಿದ ಹಾಗೆ ಅಂಗೈಯಿಂದ ಎಳೆದೆಳೆದು ಸಪಾಟು ಮಾಡುತ್ತಾರೆ. ನಡುವೆ ಹರಿದರೆ ಒಂದು ಚೂರು ಹಿಟ್ಟು ಮೆತ್ತಿ, ನೀರು ಸವರಿ ಬಿರುಕು ಮುಚ್ಚುತ್ತಾರೆ. ಮೊದಲ ರೊಟ್ಟಿ ಹಂಚಿನಿಂದ ಏಳಲೇ ಇಲ್ಲ. ಖುರ್ಷಿದಾ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನೂ ನಕ್ಕೆ. ನಗುವುದಕ್ಕೂ ಶಕ್ತಿ ಬೇಕು ಎಂದು ಅವತ್ತು ತಿಳಿಯಿತು.

ಇದೆಲ್ಲ ಎರಡು ದಿನದ ಉಮೇದು ಎಂದುಕೊಂಡಿದ್ದೆ. ಆದರೆ ನೀರು ಹಿಡಿಯುವುದು, ಒಲೆ ಹೊತ್ತಿಸುವುದು, ಬೆಳಗಿನ ಅಡುಗೆ ಈಗಲೂ ಅವರದೇ ನಡೆದಿದೆ. ಅದಾದ ಮೇಲೆ ಕೆಲಸಕ್ಕೆ ಹೋಗುತ್ತಾರೆ. ಮೊನ್ನೆ ಒಂದು ದಿನ ಏಳಲಿಲ್ಲ. ಮೊಣಕಾಲು ಹಿಡಿದಿತ್ತು. ನನಗೂ ಎಚ್ಚರವಿತ್ತು. ಪಾವಿನವನ ಹಾರ್ನ್ ಬಂತು, ಹೋಯಿತು. ನಾನು ಕಣ್ಣು ಮುಚ್ಚಿ ಸುಮ್ಮನೆ ಬಿದ್ದುಕೊಂಡೆ. ಏಳಬಾರದು, ಏಳಬಾರದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಕೊನೆಗೆ ಅವರು ಮೊಣಕಾಲಿಗೆ ಬೈಯುತ್ತ ಎದ್ದರು. ಚಹಾ ತಂದು ಕೊಟ್ಟು, "ಸಕ್ಕರಿ ಹಾಕಿನೋ ಇಲ್ಲೋ ನೆನಪಾಗಲಿಲ್ಲ, ಮತ್ತೊಮ್ಮೆ ಹಾಕೀನಿ," ಅಂದರು. ಪಾಕದಂಥ ಆ ಚಹಾವನ್ನು ಪೂರ್ತಿ ಕುಡಿದೆ.

ಆಗ ಅವರೇ ಮಾತು ತೆಗೆದರು. "ನಂದಾ ಬರಲಿ. ಹಂಡೆ ನೀರು, ಒಲಿ, ಬಟ್ಟಿ ಒಗಿಯೂದು ನಂದು. ನೀ ಕೂಸಿಗೆ ಎಣ್ಣಿ ಹಚ್ಚಿ ನೀರು ಎರಿ, ಸಾಕು. ನನಗ ಅದೊಂದು ಬರಂಗಿಲ್ಲ, ಅಂಜಿಕಿ ಬರತೈತಿ."

"ಮತ್ತ ಆಗದಿದ್ರ?" ಅಂದೆ.

"ಆಗದಿದ್ರ ನೀ ಬೈಯಿ. ಖುರ್ಷಿದಾನೂ ಬೈತಾಳ."

ಹೀಗಿದೆ ಸಂಗತಿ. ಆದ್ದರಿಂದ ಬಾ, ನಂದವ್ವ. ಇದು ಬಾಯಿಮಾತಲ್ಲ, ಯೋಚಿಸಿ ಬರೆದಿದ್ದೇನೆ. ಆದರೆ ಹೇಗಿರುತ್ತದೆ ಎಂದು ತಿಳಿದುಕೊಂಡು ಬಾ. ಗುಳಿಗೆ ನುಂಗುತ್ತಿದ್ದೇನೆ, ಕಣ್ಣುಕತ್ತಲೆ ಕಡಿಮೆಯಾಗಿದೆ, ದಣಿವು ಮಾತ್ರ ಹಾಗೇ ಇದೆ. ಬೇರೆ ಹೆಣ್ಣುಮಕ್ಕಳಿಗೆ ಅವರ ಅವ್ವಂದಿರು ಮಾಡಿದ ಹಾಗೆ ನಾನು ನಿನಗೆ ಮಾಡಲಾರೆ. ಮಧ್ಯಾಹ್ನ ಊಟವಾದ ಮೇಲೆ ನಾನು ಮಲಗುತ್ತೇನೆ. ಆಗ ಕೂಸು ಅತ್ತರೆ ನಿಮ್ಮಪ್ಪನನ್ನೋ ಖುರ್ಷಿದಾನನ್ನೋ ಕೂಗು. ಬೆಳಗಿನ ಬಿಸಿಲಿನಲ್ಲಿ ನಾನು ಕೌದಿ ಹಿಡಿದು ಕೂರುತ್ತೇನೆ, ನೀನೂ ಕೂಸನ್ನು ಎತ್ತಿಕೊಂಡು ಬಂದು ಪಕ್ಕದಲ್ಲಿ ಕೂತುಕೋ. ಅಂಟಿನುಂಡೆ ನನ್ನ ಕೈಯದು ಬೇಕೇ ಬೇಕು ಅಂದರೆ ಮಾಡಿಕೊಡುತ್ತೇನೆ. ನಿಮ್ಮಪ್ಪ ಕಟ್ಟಿದರೆ ಅದನ್ನು ಒಡೆಯಲು ಸುತ್ತಿಗೆ ಬೇಕಾದೀತು.

ಕೂಸಿನ ಕೌದಿಯನ್ನು ನಾನು ಇನ್ನೂ ಹಿಡಿದಿಲ್ಲ. ಊರವರಿಗೆಲ್ಲ ಹೊಲಿದುಕೊಟ್ಟವಳು ಸ್ವಂತ ಮೊಮ್ಮಗುವಿಗೆ ಒಂದು ಟಾಕೆ ಹಾಕಿಲ್ಲ ಎಂದು ಬೇಜಾರು ಮಾಡಿಕೊಳ್ಳಬೇಡ. ಖುರ್ಷಿದಾ ತನ್ನ ಹಳೆಯ ಮೆತ್ತನೆಯ ಓಢಣಿಗಳನ್ನು ಕತ್ತರಿಸಿ ಆಗಲೇ ಶುರು ಮಾಡಿದ್ದಾಳೆ. ನನಗೆ ಮುಟ್ಟಲೂ ಬಿಡುತ್ತಿಲ್ಲ.

ಇದನ್ನೆಲ್ಲ ಓದಿ, ನಿನ್ನ ಅತ್ತೆಯವರ ಹತ್ತಿರವೇ ಹೆರಿಗೆಯಾಗಲಿ ಎಂದು ನಿನಗೆ ಅನಿಸಿದರೆ ಹಾಗೇ ಮಾಡು. ನನಗೆ ಸಿಟ್ಟು ಬರುವುದಿಲ್ಲ. ಆದರೆ ಅವ್ವನಿಗೆ ಬೇಡವಾದೆ ಎಂದುಕೊಂಡು ಹಾಗೆ ಮಾಡಬೇಡ. ನಾನು ದಣಿದಿದ್ದೇನೆ, ಅದು ಬೇರೆ. ನೀನು ನನಗೆ ಬೇಕು, ಅದು ಬೇರೆ. ಎರಡನ್ನೂ ಕೂಡಿಸಿ ಲೆಕ್ಕ ಹಾಕಬೇಡ.

ನಿಂಗಣ್ಣ ಬಂದು ನಿಂತಿದ್ದಾನೆ. ಕಾಲು ಮೇಲೆತ್ತಿ ಮಲಗು. ಭಾರದ ಕೊಡ ಎತ್ತಬೇಡ.

ನಿನ್ನನ್ನು ನೆನೆಯುತ್ತಿರುವ,
ಅವ್ವ
ಲಕ್ಷ್ಮವ್ವ

ತಾ.ಕ.: ನಿಂಗಣ್ಣನಿಗೆ ಚಹಾ ಕೊಟ್ಟು ಕೂರಿಸಿ ಇಷ್ಟು ಸೇರಿಸುತ್ತಿದ್ದೇನೆ. ನಿನ್ನೆ ಮಧ್ಯಾಹ್ನ ಮಲಗಿದವಳಿಗೆ ಯಾರೋ ಕರೆದ ಹಾಗಾಯಿತು. ಎದ್ದು, ಲೋಟಕ್ಕೆ ನೀರು ಬಗ್ಗಿಸಿಕೊಂಡು, ಆಯಿ ಮಲಗುತ್ತಿದ್ದ ಮೂಲೆಯವರೆಗೂ ಹೋಗಿಬಿಟ್ಟೆ. ಅಲ್ಲಿ ಅರಿವೆಯ ಚೀಲಗಳಿದ್ದವು. ಆ ನೀರನ್ನು ಅಲ್ಲೇ ನಿಂತು ನಾನೇ ಕುಡಿದೆ. ನೀನು ಬಂದ ಮೇಲೆಯೂ ಹೀಗೇ ಆಗುತ್ತದೆ, ನನಗೆ ಗೊತ್ತು. ಮೇಲೆ ಏನೇನೋ ಬರೆದಿದ್ದೇನೆ, ಆದರೆ ಕೂಸು ಒಮ್ಮೆ ಕಿರ್ ಅಂದರೆ ನನ್ನ ಕಾಲು ನನ್ನನ್ನು ಕೇಳದೆ ಎದ್ದುಬಿಡುತ್ತದೆ. ಆಗ ನೀನು ಅನ್ನಬೇಕು, "ಅವ್ವಾ, ನೀ ಕುಂದರು." ನಿಮ್ಮಪ್ಪ ಅಂದರೆ ನಾನು ಕೂರುವುದಿಲ್ಲ. ನೀನು ಅಂದರೆ ಕೂತೇನು.