ಮುಗಿಯದ ಮೂರು ದಿನ

ಜೂನ್ 3, ಬೆಳಿಗ್ಗೆ

ರೊಟ್ಟಿ ತಟ್ಟಿ ಕೈ ಉರಿ. ಶಿಕ್ಷಕಿಯಾಗಲು ಬರೆಯಬೇಕಾದ ಟಿಇಟಿ ಪರೀಕ್ಷೆ 29ಕ್ಕೆ. ನಾನಿನ್ನೂ ಮೊದಲ ಪಾಠದಲ್ಲೇ ಇದ್ದೇನೆ — ಅದಕ್ಕೂ ಹಿಟ್ಟು ಮೆತ್ತಿದೆ. ಹೋದ ತಿಂಗಳು, ಸದ್ಯಕ್ಕೆ ಮಗು ಬೇಡವೆಂದು ಮೂರು ತಿಂಗಳ ಇಂಜೆಕ್ಷನ್ ಹಾಕಿಸಿಕೊಂಡಿದ್ದು ನನ್ನ ಗಂಡ ಕೊಟ್ರೇಶನಿಗೆ ಮಾತ್ರ ಗೊತ್ತು. ಅತ್ತೆಗೆ ತಿಳಿದರೆ ಕಥೆ ಮುಗಿಯಿತು. ನನ್ನ ಮಗಳಿಗೆ ಎರಡು ತುಂಬಿದ್ದೇ ತಡ, ಇನ್ನೂ ಹುಟ್ಟದ ಮೊಮ್ಮಗನಿಗೆ ತಮ್ಮ ಅಪ್ಪನ ಹೆಸರು ತೆಗೆದಿಟ್ಟುಕೊಂಡು ಕೂತಿದ್ದಾರೆ — ಉಚ್ಚಂಗೆಪ್ಪ.

ಜೂನ್ 5

ಹೊರಗಾದೆ. ಈ ಮನೆಯಲ್ಲಿ ಹೊರಗಾದವಳು ಒಲೆ ಮುಟ್ಟುವಂತಿಲ್ಲ, ಕೊಡ ಮುಟ್ಟುವಂತಿಲ್ಲ. ಪಡಸಾಲೆ ಮೂಲೆ, ಒಂದು ಚಾಪೆ, ಬೇರೆ ತಟ್ಟೆ. ಪ್ರತಿ ತಿಂಗಳೂ ಸಿಟ್ಟು ಬರುತ್ತಿತ್ತು. ಈ ಸಲ ಪುಸ್ತಕ ತಂದುಕೊಂಡೆ. ಎರಡು ಪಾಠ ಆಯಿತು.

ಜೂನ್ 10

ನಿಂತಿಲ್ಲ. ತೊಟ್ಟು ತೊಟ್ಟು… ಇಂಜೆಕ್ಷನ್ ಕೊಟ್ಟ ಸಿಸ್ಟರ್ ಮೊದಲೇ ಹೇಳಿದ್ದರು: "ಶುರುವಿನಾಗೆ ಹಿಂಗೆ ಸ್ಪಾಟಿಂಗ್ ಆಗ್ತೈತ್ರಿ. ಆಮೇಲೆ ಕೆಲವರಿಗೆ ಮುಟ್ಟು ನಿಂತೇ ಹೋಗ್ತೈತೆ. ಜಾಸ್ತಿ ಹೋದ್ರೆ ಮಾತ್ರ ಓಡಿ ಬರ್ರಿ." ಅತ್ತೆಯ ಶಾಸ್ತ್ರದಲ್ಲಿ ಸ್ಪಾಟಿಂಗ್‌ಗೆ ರಿಯಾಯಿತಿ ಇಲ್ಲ. ಒಳಗೆ ರೊಟ್ಟಿ ಬಡಿಯುವ ಸದ್ದಿನಲ್ಲೇ ಅವರ ಸಿಟ್ಟು ಗೊತ್ತಾಗುತ್ತಿದೆ. ಪಾಪ ಅನ್ನಿಸಿತು. ಆದರೂ ಓದಿದೆ.

ಜೂನ್ 16

ಅತ್ತೆಗೆ ಮಂಡಿ ನೋವು. ಕೊಟ್ರೇಶನೇ ರೊಟ್ಟಿಗೆ ಕೂತ. ಮೊದಲನೆಯದನ್ನು ಎಮ್ಮೆ ಮೂಸಿ ಬಿಟ್ಟಿತು. ಗಣಿತ ಪೂರ್ತಿ ಮುಗಿಯಿತು.

ಜೂನ್ 18

ನಿಂತಿತು. ಅಯ್ಯೋ. ಶಿಶು ಮನೋವಿಜ್ಞಾನ ಇನ್ನೂ ಮುಟ್ಟಿಲ್ಲ.

ಯಾರಿಗೂ ಹೇಳಲಿಲ್ಲ. ಚಾಪೆ ಬಿಟ್ಟು ಏಳಲೂ ಇಲ್ಲ.

ಜೂನ್ 20

ಅತ್ತೆ ಹೆದರಿದರು. "ಇಷ್ಟು ದಿನ ಹೋದ್ರೆ ಮೈಯಾಗೆ ರಕ್ತ ಎಲ್ಲಿ ಉಳೀತೈತೆ? ನಡಿ ಆಸ್ಪತ್ರೆಗೆ." ಆಟೋದಲ್ಲಿ ನನ್ನ ಕೈ ಹಿಡಿದೇ ಕೂತಿದ್ದರು — ಹೊರಗಾದವಳ ಕೈ. ದೇವಿಗೆ ಹರಕೆ ಬೇರೆ. ನಾಚಿಕೆಯಿಂದ ಸತ್ತೆ. ತಡೆಯಲಾಗದೆ ಇಂಜೆಕ್ಷನ್ ವಿಷಯ ಹೇಳಿಬಿಟ್ಟೆ. ಅವರು ಕೈ ಬಿಟ್ಟರು.

ಸಿಸ್ಟರ್ ರಕ್ತ ಪರೀಕ್ಷೆ ಮಾಡಿ, ಏನೂ ತೊಂದರೆ ಇಲ್ಲ ಎಂದರು. "ಈಗಲೂ ಹೋಗ್ತೈತಾ?" ಮೊನ್ನೆಯೇ ನಿಂತಿತು ಎಂದೆ. ಅತ್ತೆ ನನ್ನನ್ನೇ ನೋಡಿದರು. ಆಮೇಲೆ ಸಿಸ್ಟರ್‌ಗೆ, "ನಿಂತ್ರೆ ರಕ್ತ ಒಳಗೆ ಕಟ್ಕೊಳ್ಳಲ್ಲೇನ್ರಿ?"

"ಇಲ್ಲಮ್ಮ. ಈ ಇಂಜೆಕ್ಷನ್‌ಗೆ ಗರ್ಭಕೋಶದಾಗೆ ಪದರ ದಪ್ಪ ಬೆಳೆಯಂಗಿಲ್ಲ. ಹೊರಗೆ ಬರಾಕೆ ಏನಿರ್ತೈತೆ?"

ವಾಪಸ್ ಬರುವಾಗ ಅತ್ತೆ ಆಟೋದ ಆ ತುದಿಗೆ ಸರಿದು ಕೂತರು. ಬೈದಿದ್ದರೆ ವಾಸಿಯಿತ್ತು.

ಜೂನ್ 21

ಸ್ನಾನ ಮಾಡಿ ಅಡುಗೆಮನೆಗೆ ಹೋದೆ. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಎಲ್ಲಿಗೆ?"

"ರೊಟ್ಟಿಗೆ."

"ನಿನಗಿನ್ನೂ ನಿಂತಿಲ್ಲ."

"ನಿಂತೈತೆ ಅತ್ತೆ."

"ಇಪ್ಪತ್ತೊಂಬತ್ತಕ್ಕೆ ನಿಲ್ತೈತೆ. ಹೋಗಿ ಕುಂದ್ರು." ಆಮೇಲೆ ಮೆಲ್ಲಗೆ, "ಆ ಮೂರು ದಿನ ಬಿಟ್ರೆ ಈ ಮನೆಯಾಗೆ ನಾನು ಕುಂತಿದ್ದೇ ಇಲ್ಲ. ನಿಮ್ಮ ಮಾವಗೆ ಹೇಳಬ್ಯಾಡ."

"ಮತ್ತೆ ಉಚ್ಚಂಗೆಪ್ಪ?"

"ಅವನು ಕಾಯ್ತಾನೆ. ನೀನು ಮೊದ್ಲು ಪಾಸಾಗು."

ಚಾಪೆ ಮೇಲೆ ಕೂತು ಅತ್ತುಬಿಟ್ಟೆ.

ಜೂನ್ 28, ಸಂಜೆ

ನಾಳೆ ಪರೀಕ್ಷೆ. ಕೊಟ್ರೇಶ್ ಹೊಲದಿಂದ ಬಂದಿಲ್ಲ. ಅತ್ತೆ ದಿಂಬು ತಂದು ನನ್ನ ಪಕ್ಕದಲ್ಲೇ ಕಾಲು ಚಾಚಿದರು. ಮಾವ ಒಳಗಿಂದ, "ಒಲೆ ಯಾರು ಹಚ್ಚೋರು?"

"ನಾನೂ ಹೊರಗೆ."

"ನಿನಗೆ ನಿಂತು ಹತ್ತು ವರ್ಷ ಆತಲ್ಲೇ?"

"ಹಳೇ ಬಾಕಿ ಐತೆ."

ಒಳಗೆ ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆಗೆಯುವ ಸದ್ದು. ಹಿಟ್ಟು ಯಾವುದರಲ್ಲಿದೆ ಅಂತ ಮಾವ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಪುಸ್ತಕ ಎತ್ತಿ ನನ್ನ ಮುಖಕ್ಕೆ ಅಡ್ಡ ಹಿಡಿದರು.