ಶನಿವಾರ ಕಾರು ತರಬೇಡಿ

ಮೂಡಬಿದ್ರೆ
೧೨-೩-೧೯೬೨

ಸರಸಳ ಅಪ್ಪನಿಗೆ,

ಕಾಂತಿಯ ನಮಸ್ಕಾರ. ನಾನೂ ಮಗಳೂ ತವರಿನಲ್ಲಿ ಹೇಗೋ ಇದ್ದೇವೆ. ಯಾವ ಕಾಗದವನ್ನೂ ನೀವು ಅರ್ಧಕ್ಕಿಂತ ಹೆಚ್ಚು ಓದಿದವರಲ್ಲ. ಇದೊಂದನ್ನಾದರೂ ಒಂದು ಕಡೆ ಕುಳಿತು ಪೂರ್ತಿ ಓದಿ.

ಶನಿವಾರ ಧನಿಗಳ ಕಾರು ತಂದು ನಮ್ಮನ್ನು ಬಂಟ್ವಾಳಕ್ಕೆ ಕರೆದುಕೊಂಡು ಹೋಗುತ್ತೇನೆಂದು ಬರೆದಿದ್ದೀರಿ. ಕಾರು ತರಬೇಡಿ. ಬಸ್ಸಿನಲ್ಲಿ ಬನ್ನಿ, ಬಸ್ಸಿನಲ್ಲೇ ಹೋಗುವ. ನೋಡಿ, ಈಗಲೇ ಮೂಗಿನ ತುದಿಗೆ ಸಿಟ್ಟು ಬಂದಿರಬೇಕು. ಕಾಗದ ಬಿಸಾಡಬೇಡಿ.

ದೈವಕ್ಕೆ ತಂಬಿಲ ಸೇವೆ ಕೊಟ್ಟ ಮೇಲೆ ನಿಮ್ಮ ಮನಸ್ಸು ಸ್ಥಿರವಾಗಿದೆ ಎಂದು ಅತ್ತೆ ಹೇಳಿ ಕಳುಹಿಸಿದ್ದಾರೆ. ಸೇವೆ ಕೊಟ್ಟದ್ದು ಒಳ್ಳೆಯದೇ. ಆದರೆ ಚಾ ಕೇಳಿ, ನಾನು ತರುವಷ್ಟರಲ್ಲಿ ಪೇಟೆಗೆ ನಡೆದುಬಿಡುವ ನಿಮ್ಮನ್ನು ನಾನು ಬಲ್ಲೆ. ಬೇಕೆಂದು ಮಾಡುವವರಲ್ಲ ನೀವು. ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ, ಅಷ್ಟೆ. ಮನೆಯಲ್ಲಾದರೆ ಚಾ ಆರುತ್ತದೆ. ಆದರೆ ಕಾರು ಬಿಡುವಾಗಲೂ ಗದ್ದೆಯಲ್ಲಿ ಕೊಕ್ಕರೆ ಕಂಡರೆ ನಿಮ್ಮ ಕಣ್ಣು ಅತ್ತ ಹೋಗುತ್ತಿತ್ತು. ಅದಕ್ಕೇ ನಾನು ಪಕ್ಕದಲ್ಲಿ ಕುಳಿತು, ಎದುರು ಎತ್ತಿನ ಗಾಡಿ ಉಂಟು, ತಿರುವು ಉಂಟು ಎಂದು ಹೇಳುತ್ತಲೇ ಇರುತ್ತಿದ್ದೆ. ಅರ್ಧ ಕಾರು ಅತ್ತಿಗೆಯ ಬಾಯಿಯಿಂದಲೇ ಓಡುವುದು ಎಂದು ನಿಮ್ಮ ತಮ್ಮ ಭೋಜ ನಗುತ್ತಿದ್ದ.

ಆ ದಿನ ಸಿದ್ದಕಟ್ಟೆಯ ಹತ್ತಿರ ಲಾರಿಯೊಂದು ಧೂಳೆಬ್ಬಿಸಿ ನಮ್ಮನ್ನು ಹಿಂದೆ ಹಾಕಿತು. ನೀವು ಹಲ್ಲು ಕಚ್ಚಿ ಅದರ ಬೆನ್ನು ಹತ್ತಿದಿರಿ. ಬದಿಯಲ್ಲಿ ಹೆಂಗಸು ಉಂಟು ಎಂದು ನಾನು ಕೂಗಿದೆ. "ಬಾಯಿ ಮುಚ್ಚು ಮಾರಾಯ್ತಿ, ನನಗೂ ಕಣ್ಣುಂಟು" ಎಂದಿರಿ. ಕಣ್ಣು ಲಾರಿಯ ಮೇಲಿತ್ತು. ಕಾರು ತಾಗಿ ಆ ಹೆಂಗಸು, ಪಾಪ ಸೇಸಮ್ಮ, ಸೊಪ್ಪಿನ ಹೊರೆಯೊಂದಿಗೆ ಚರಂಡಿಗೆ ಬಿದ್ದರು. ಸರಸ ನನ್ನ ಮಡಿಲಲ್ಲೇ ಇದ್ದಳು. ಈಗಲೂ ಹಾರನ್ ಕೇಳಿದರೆ ಕಿವಿ ಮುಚ್ಚಿಕೊಳ್ಳುತ್ತಾಳೆ.

ನಿಮ್ಮ ಮೇಲೆ ನನಗೆ ಕೋಪವಿಲ್ಲ, ಹೆದರಿಕೆ ಉಂಟು. ನಿಮ್ಮೊಡನೆ ಬಾಳಬೇಕೆಂಬ ಆಸೆಯೂ ಉಂಟು. ಧನಿಗಳ ಅಂಗಡಿಯಲ್ಲಿ ಬೇರೆ ಏನಾದರೂ ಕೆಲಸ ಕೇಳಿ. ಡ್ರೈವರ್ ಕೆಲಸ ಬಿಟ್ಟರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ನೀವು ಇಲ್ಲದೆ ನನಗೆ ಊಟ ಸೇರುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಇತಿ, ಬಸ್ಸಿನ ದಾರಿ ನೋಡುವ
ಕಾಂತಿ

ಮರೆತ ಮಾತು: ಮರೆತದ್ದಲ್ಲ, ನಿಮಗೆ ತಿಳಿಸಬಾರದೆಂದು ಅಪ್ಪ ಹೇಳಿದ್ದರು. ಸೇಸಮ್ಮ ಹಾಸಿಗೆಯಿಂದ ಏಳಲೇ ಇಲ್ಲ. ಮೊನ್ನೆ ತೀರಿಕೊಂಡರು. ಶನಿವಾರ ಅಂಗಳದಲ್ಲಿ ಕಾರಿನ ಸದ್ದು ಕೇಳಿದರೆ, ನೀವು ಇಲ್ಲಿಯವರೆಗೆ ಓದಲಿಲ್ಲ ಎಂದು ತಿಳಿಯುತ್ತೇನೆ. ಮಗಳನ್ನು ಒಳಗೆ ಕಳುಹಿಸಿ ಬಾಗಿಲು ಹಾಕಿಕೊಳ್ಳುತ್ತೇನೆ.