ಹೆಣ್ಣುಮಕ್ಕಳೂ ಓಡುತ್ತಾರೆ ಎಂದಿರಲ್ಲ, ಕಾಕಾ

ಹೋದಲ್ಲಿಂದಲೂ ನನ್ನ ಮೇಲೆ ಒಂದು ಕಣ್ಣಿಟ್ಟಿರುವ ಕಾಕಾ ಅವರಿಗೆ, ನಿಮ್ಮ ಅಣ್ಣನ ಮಗಳು ಗಂಗವ್ವನ ಶರಣಾರ್ಥಿ.

ಮೊದಲು ಒಂದು ಸುದ್ದಿ. ಲೋಕದ ಆಟಗಳನ್ನು ಮತ್ತೆ ಶುರುಮಾಡಿದ ನಿಮ್ಮ ಫ್ರಾನ್ಸಿನ ಸಾಹೇಬ ತೀರಿಕೊಂಡು ಕೆಲವು ವರ್ಷಗಳಾದವು. ನೀವು ಹೋದ ಮೇಲೆ ಹೋದ. ಪೇಪರು ಓದಿ ನನಗೆ ಹೇಳುವವರು ಯಾರೂ ಉಳಿದಿರಲಿಲ್ಲ, ಅದಕ್ಕೇ ಈಗಷ್ಟೇ ತಿಳಿಯಿತು. ತೋಟದಲ್ಲಿ ಅಡ್ಡಾಡುತ್ತಿದ್ದಾಗ ಎದೆ ನಿಂತಿತಂತೆ. ದೇಹವನ್ನು ಸ್ವಿಟ್ಜರ್ಲೆಂಡಿನಲ್ಲಿ ಮಣ್ಣು ಮಾಡಿದರು. ಹೃದಯವನ್ನು ಮಾತ್ರ ಬೇರೆ ತೆಗೆದು, ಗ್ರೀಸ್ ದೇಶಕ್ಕೆ ಒಯ್ದು, ಹಿಂದಿನ ಕಾಲದಲ್ಲಿ ಆಟಗಳು ನಡೆಯುತ್ತಿದ್ದ ಜಾಗದಲ್ಲಿ ಒಂದು ಕಲ್ಲಿನ ಕಂಬದೊಳಗೆ ಇಟ್ಟರು. ಅದು ಅವನದೇ ಆಸೆಯಂತೆ. ನಮ್ಮಲ್ಲಿ ಸತ್ತವರಿಗೆ ಸಮಾಧಿಯ ಗದ್ದುಗೆ ಒಂದೇ. ಇವನಿಗೆ ಎರಡಾದವಲ್ಲ ಕಾಕಾ, ನೀವಿದ್ದಿದ್ದರೆ ಯಾವುದಕ್ಕೆ ವಿಭೂತಿ ಹಚ್ಚುತ್ತಿದ್ದಿರಿ?

ಹತ್ತಿ ಖರೀದಿಗೆ ಮೂಡಲಗಿಗೆ ಹೊರಟಾಗ ಚಕ್ಕಡಿಯಲ್ಲಿ ನನ್ನನ್ನೂ ಕೂರಿಸಿಕೊಳ್ಳುತ್ತಿದ್ದಿರಿ. ಗೋಕಾಕದ ಅಗಸಿ ಬಾಗಿಲು ದಾಟಿದ ಕೂಡಲೇ ಸಾಹೇಬನ ಕತೆ ಶುರು. ಶ್ರೀಮಂತರ ಮಗ, ದಂಡಿಗೆ ಸೇರು ಎಂದರೆ ಒಲ್ಲೆ ಎಂದ. ಇಂಗ್ಲೆಂಡಿನ ಸಾಲೆಗಳಲ್ಲಿ ಹುಡುಗರು ಆಡುವುದನ್ನು ನೋಡಿ ಬಂದು, ನಮ್ಮ ಹುಡುಗರು ಮಾತ್ರ ಪುಸ್ತಕದ ಮೇಲೆ ಯಾಕೆ ತೂಕಡಿಸಬೇಕು ಎಂದು ಊರವರೊಡನೆ ಜಗಳ ತೆಗೆದ. ಸಾವಿರ ವರ್ಷಕ್ಕೂ ಹಿಂದೆ ನಿಂತುಹೋದ ಆಟಗಳನ್ನು ಮತ್ತೆ ಎಬ್ಬಿಸೋಣ, ಎಲ್ಲ ದೇಶದವರೂ ಬರಲಿ ಎಂದಾಗ ಸಭೆಯವರು ಚಪ್ಪಾಳೆ ತಟ್ಟಿ ಮನೆಗೆ ಹೋದರಂತೆ, ನಂಬಿದವರು ಯಾರೂ ಇಲ್ಲ. "ಬಿಡಲಿಲ್ಲ ನೋಡವಾ ಅಂವಾ! ಕೈಯಾನ ರೊಕ್ಕಾ ಎಲ್ಲಾ ಕರಗಿಸಿ ಆಟಾ ನಡಿಸೇಬಿಟ್ಟ!" ಎಂದು ತೊಡೆ ತಟ್ಟಿಕೊಳ್ಳುತ್ತಿದ್ದಿರಿ. ಈಗಲೂ ನಗು ಬರುತ್ತದೆ. ಅಂಗಡಿಯ ಗಾದಿಯಿಂದ ಏಳಲು ಇಬ್ಬರ ಕೈ ಹಿಡಿಯುತ್ತಿದ್ದ ನಿಮಗೆ ಈ ಓಟದ ಹುಚ್ಚು ಎಲ್ಲಿಂದ ಹತ್ತಿತು? ಕೇಳಬೇಕೆಂದಿದ್ದೆ, ಕೇಳುವಷ್ಟರಲ್ಲಿ…

ಒಂದು ದಿನ ಆ ದಾರಿಯಲ್ಲೇ ಕೇಳಿದೆ, "ಕಾಕಾ, ಅಲ್ಲೆ ಹೆಣ್ಣಮಕ್ಕಳೂ ಓಡ್ತಾರೇನ್ರಿ?" ನೀವು ಎತ್ತುಗಳ ಕಡೆ ನೋಡಿದಿರಿ. ಆಮೇಲೆ, "ಓಡ್ತಾರಲ್ಲ, ಯಾಕ ಓಡೂದಿಲ್ಲ?" ಎಂದಿರಿ. ಚಕ್ಕಡಿ ನಿಲ್ಲಿಸಿ, "ಇಳಿ, ಆ ಬನ್ನಿಗಿಡದ ತನಕಾ ಓಡು ನೋಡೂಣು," ಎಂದಿರಿ. ಓಡಿದೆ. ಮುಂದೆ ಹುಕ್ಕೇರಿಯ ಸಾಲೆಯಲ್ಲಿ ಪಾಠ ಹೇಳುವ ಅಕ್ಕೋರಾಗಿ, ಹುಡುಗಿಯರಿಗೆ ಓಟ ಯಾಕೆ ಎಂದವರ ಬಾಯನ್ನೆಲ್ಲ ನಿಮ್ಮ ಆ ಒಂದು ಮಾತಿನಿಂದಲೇ ಮುಚ್ಚಿಸುತ್ತ ಬಂದೆ.

ಈ ವರ್ಷ ಹುಡುಗಿಯರಿಗೂ ಓಟದ ಪಂದ್ಯ ಇಡೋಣ ಎಂದಾಗ, ಸಾಲೆಯ ಕಮಿಟಿಯ ಹಿರಿಯ ವಕೀಲರು ಒಂದು ಇಂಗ್ಲಿಷ್ ಮಾಸಿಕ ಹಿಡಿದುಕೊಂಡು ಬಂದರು. ಸಾಹೇಬನ ಬದುಕೆಲ್ಲ ಅದರಲ್ಲಿತ್ತು. ಗದ್ದುಗೆಯ ಸುದ್ದಿ ಸಿಕ್ಕಿದ್ದೂ ಅಲ್ಲೇ. "ಹೆಂಗಸರು ಓಡೂದು ಬ್ಯಾಡಂತ ನಿಮ್ಮ ಸಾಹೇಬನೇ ಹೇಳ್ಯಾನಲ್ರಿ ಅಕ್ಕಾರ! ಗೆದ್ದ ಗಂಡಸರಿಗೆ ಮಾಲಿ ಹಾಕಿದ್ರ ಸಾಕಂತ," ಎಂದರು. ಕಮಿಟಿಯವರೆಲ್ಲ ನಕ್ಕರು. ಪಂದ್ಯದ ಮಾತು ಅಲ್ಲಿಗೇ ಬಿತ್ತು. ನಿಮ್ಮ ಮೇಲೆ ಎಷ್ಟು ಸಿಟ್ಟು ಬಂತು ಗೊತ್ತೇ? ಗೊತ್ತಿದ್ದೂ ಸುಳ್ಳು ಹೇಳಿದಿರೋ, ಗೊತ್ತಿಲ್ಲದೆ ಬಾಯಿಗೆ ಬಂದದ್ದು ಅಂದಿರೋ?

ಸಿಟ್ಟು ಇಳಿಯುವಾಗ ನೆನಪಾಯಿತು. ಒಮ್ಮೆ ನೀವು ಹೇಳದೆ ಕೇಳದೆ ಸರ್ವೀಸ್ ಮೋಟಾರು ಹತ್ತಿ ಹುಕ್ಕೇರಿಗೆ ಬಂದಿದ್ದಿರಿ, ಕೈಯಲ್ಲಿ ಕರದಂಟಿನ ಪೊಟ್ಟಣ. ಹೊಸ್ತಿಲಲ್ಲೇ ಏದುಸಿರು ಬಿಡುತ್ತ, "ಸಾಹೇಬನ ಆಟದಾಗ ಹೆಣ್ಣಮಕ್ಕಳು ಓಡಿದರಂತವಾ! ಪೇಪರದಾಗ ಬಂದೈತಿ!" ಎಂದಿರಿ. "ಓಡ್ತಾರಂತ ನೀವ ಹೇಳಿದ್ರಲ್ರಿ ಆವಾಗ?" ಎಂದೆ. ನೀವು ನನ್ನ ಬಾಯಿಗೆ ಕರದಂಟು ತುರುಕಿದಿರಿ. ಆಗ ಸಾಹೇಬ ಬದುಕಿದ್ದ, ಅವನ ಮನಸ್ಸೂ ಬದಲಾಗಿರಲಿಲ್ಲ. ಅವನು ಬೇಡವೆಂದರೂ ಆಟ ನಡೆಸುವ ಉಳಿದವರು ಹೆಂಗಸರನ್ನು ಓಡಲು ಬಿಟ್ಟಿದ್ದರು. ನಿಮಗೆ ಗೊತ್ತಿತ್ತು ಕಾಕಾ, ಮೊದಲಿನಿಂದಲೂ ಗೊತ್ತಿತ್ತು. ಸುಳ್ಳು ಖರೆ ಆಯಿತೆಂದು ಸಿಹಿ ಹಂಚಲು ಬಂದಿದ್ದಿರಿ! ಮಾತು ಹೊಟ್ಟೆಯಲ್ಲಿ ನಿಲ್ಲದ ಮನುಷ್ಯ, ಅಷ್ಟು ವರ್ಷ ಅದೊಂದನ್ನು ಹೇಗೆ ಇಟ್ಟುಕೊಂಡಿರಿ?

ಮರುದಿನ ತರಗತಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಟ ಎಬ್ಬಿಸಿದ್ದೂ ಅದೇ ಸಾಹೇಬ, ಹೆಂಗಸರು ಬೇಡ ಎಂದದ್ದೂ ಅದೇ ಸಾಹೇಬ. ಕುರಿದಡ್ಡಿಯ ಕುರುಬರ ಹುಡುಗಿ ಮಾಳವ್ವ ಎದ್ದು ನಿಂತಳು.

"ಆ ಸಾಹೇಬ ಈಗ ಅದಾನೇನ್ರಿ ಅಕ್ಕಾರ?"

"ಇಲ್ಲ, ತೀರಿಕೊಂಡಾನ."

"ಮತ್ತ ಯಾರನ್ನ ಕೇಳೂದೈತ್ರಿ?"

ಆ ಪ್ರಶ್ನೆಯನ್ನೇ ಎತ್ತಿಕೊಂಡು ಹೋಗಿ ವಕೀಲರ ಮುಂದೆ ಇಟ್ಟೆ. ಅವರು ಕನ್ನಡಕ ಒರೆಸಿಕೊಂಡು, "ಕಮಿಟಿಯನ್ನ ಕೇಳಬೇಕಾಗತೈತ್ರಿ," ಎಂದರು.

"ಕೇಳಾಕತ್ತೇನಲ್ರಿ," ಎಂದೆ.

ಕೊನೆಗೆ ಕಮಿಟಿ ಹೂಂ ಎಂದಿತು. ನಿನ್ನೆ ಓಡಿದರು ಕಾಕಾ. ಉದ್ದನೆಯ ಪರಕಾರ ಮೊಣಕಾಲಿಗೆ ಎತ್ತಿ ಕಟ್ಟಿ, ಬರಿಗಾಲಲ್ಲಿ, ಸಾಲೆಯ ಹಿಂದಿನ ಬಯಲಲ್ಲಿ. ಮಾಳವ್ವ ಗೆದ್ದಳು, ಗೆದ್ದ ಮೇಲೂ ನಿಲ್ಲದೆ ಬೇಲಿಯ ತನಕ ಓಡಿದಳು. ವಕೀಲರು ಚಪ್ಪಾಳೆ ತಟ್ಟಲಿಲ್ಲ, ಎದ್ದೂ ಹೋಗಲಿಲ್ಲ. ನಾನು ಎಲ್ಲರೆದುರೇ ಅತ್ತುಬಿಟ್ಟೆ. ಸಾಹೇಬನ ಕತೆಯನ್ನು ಇನ್ನು ಮೇಲೆ ಏನೂ ಬಿಡದೆ ಹೇಳುತ್ತೇನೆ, ಅವನ ಹಟ, ಅವನ ತಪ್ಪು, ಅವನ ಎರಡು ಗದ್ದುಗೆ ಎಲ್ಲವನ್ನೂ. ನಿಮ್ಮ ಸುಳ್ಳನ್ನು ಮಾತ್ರ ಯಾರಿಗೂ ಹೇಳುವುದಿಲ್ಲ. ಅದು ನನಗೆ ಕೊಟ್ಟದ್ದು.

ನಿಮ್ಮ
ಗಂಗವ್ವ